ಮೆಕ್ಯಾನಿಕನ ಮೊದಲ ಉಪಕರಣ ಪೆಟ್ಟಿಗೆ

ಹೈದರಾಬಾದಿನಿಂದ ಬೆಂಗಳೂರಿಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 44 ಶಂಶಾಬಾದಿನ ಮೂಲಕ ಹಾದುಹೋಗುತ್ತದೆ. 2008ರ ಮಾರ್ಚ್ ತಿಂಗಳಲ್ಲಿ ಇಲ್ಲಿ ವಿಮಾನ ನಿಲ್ದಾಣ ಆರಂಭವಾದ ಬಳಿಕ ಲಾರಿಗಳ ಜೊತೆಗೆ ಟ್ಯಾಕ್ಸಿಗಳ ಓಡಾಟವೂ ಸೇರಿಕೊಂಡಿತು. ವಾಹನಗಳಿರುವೆಡೆ ದುರಸ್ತಿಯ ಕೆಲಸವೂ ಇರುತ್ತದೆ. ಐ.ಟಿ.ಐ. ತರಬೇತಿ ಮುಗಿಸಿ ಇಂತಹ ಊರಿನಲ್ಲಿ ಸ್ವಂತ ಕಸುಬು ಹಿಡಿಯಬಯಸುವ ಯುವಕನು, ಕೈಯಲ್ಲಿರುವ ಅಲ್ಪ ಹಣದಿಂದ ಯಾವ ಉಪಕರಣಗಳನ್ನು ಮೊದಲು ಕೊಳ್ಳಬೇಕೆಂಬುದನ್ನು ವಿವೇಚಿಸಬೇಕಾಗುತ್ತದೆ.

ಮೊದಲ ಸ್ಥಾನ ಸ್ಪ್ಯಾನರಿಗೆ ಸಲ್ಲುತ್ತದೆ. ಹೈದರಾಬಾದಿನ ಗ್ಯಾರೇಜುಗಳಲ್ಲಿ ಇದಕ್ಕೆ ‘ಪಾನಾ’ ಎಂದೇ ಹೆಸರು. ಸ್ಪ್ಯಾನರಿನ ಮೇಲಿರುವ ಸಂಖ್ಯೆಯು ಬೋಲ್ಟಿನ ದಪ್ಪವನ್ನಲ್ಲ, ಅದರ ತಲೆಯ ಎದುರುಬದುರು ಮುಖಗಳ ನಡುವಣ ಅಂತರವನ್ನು ಸೂಚಿಸುತ್ತದೆ ಎಂಬುದನ್ನು ಕಲಿಯುವವರು ಆರಂಭದಲ್ಲಿಯೇ ಮನಗಾಣಬೇಕು. 6 ಮಿ.ಮೀ. ಬೋಲ್ಟಿಗೆ 10ರ ಸ್ಪ್ಯಾನರ್, 8 ಮಿ.ಮೀ. ಬೋಲ್ಟಿಗೆ 13ರದು ಸಾಮಾನ್ಯ. ಜಪಾನಿ ವಿನ್ಯಾಸದ ವಾಹನಗಳಲ್ಲಿ ಅದೇ 8 ಮಿ.ಮೀ. ಬೋಲ್ಟಿಗೆ 12, 10 ಮಿ.ಮೀ. ಬೋಲ್ಟಿಗೆ 14 ಬೇಕಾಗುತ್ತದೆ. ಆದುದರಿಂದ 6x7ರಿಂದ 20x22ರವರೆಗಿನ ಎಂಟು ಸ್ಪ್ಯಾನರುಗಳ ಸೆಟ್ಟು ಬಹುತೇಕ ಕೆಲಸಗಳಿಗೆ ಸಾಕು.

ತೆರೆಬಾಯಿಯ ಸ್ಪ್ಯಾನರ್ ಬೋಲ್ಟಿನ ಎರಡು ಮುಖಗಳನ್ನು ಮಾತ್ರ ಹಿಡಿಯುತ್ತದೆ. ರಿಂಗ್ ಸ್ಪ್ಯಾನರ್ ಆರೂ ಮೂಲೆಗಳನ್ನು ಬಳಸಿ ಹಿಡಿಯುತ್ತದೆ. ತುಕ್ಕು ಹಿಡಿದ ಬೋಲ್ಟನ್ನು ತೆರೆಬಾಯಿಯಿಂದ ಬಲವಂತವಾಗಿ ತಿರುಗಿಸಿದರೆ ಮೂಲೆಗಳು ಸವೆದು ದುಂಡಾಗುತ್ತವೆ. ಐದು ನಿಮಿಷದ ಕೆಲಸಕ್ಕೆ ಆಗ ಅರ್ಧ ದಿನ ಹಿಡಿಯುತ್ತದೆ. ಗಿರಾಕಿಯೂ ಮತ್ತೆ ಬರಲಾರ. ಹಣ ಒಂದಕ್ಕೇ ಸಾಲುವಂತಿದ್ದರೆ ರಿಂಗ್ ಸೆಟ್ಟನ್ನು ಮೊದಲು ಕೊಳ್ಳುವುದೇ ಲೇಸು.

ಹಿಡಿಕೆಗೆ ಪೈಪು ಸಿಕ್ಕಿಸಿ ತಿರುಗಿಸುವ ಅಭ್ಯಾಸ ಎಲ್ಲೆಡೆಯೂ ಉಂಟು. 25 ಸೆಂ.ಮೀ. ಹಿಡಿಕೆಯ ತುದಿಯಲ್ಲಿ 10 ಕಿಲೋ ಭಾರದಷ್ಟು ಬಲ ಹಾಕಿದರೆ ಸುಮಾರು 25 ನ್ಯೂಟನ್ ಮೀಟರ್ ತಿರುಚುಬಲ ಉಂಟಾಗುತ್ತದೆ. ಪೈಪಿನಿಂದ ಉದ್ದವನ್ನು ಎರಡರಷ್ಟಾಗಿಸಿದರೆ ಬಲವೂ ಇಮ್ಮಡಿಯಾಗುತ್ತದೆ; ಸಾಧಾರಣ 8 ಮಿ.ಮೀ. ಬೋಲ್ಟು ಅದನ್ನು ತಾಳದೆ ತುಂಡಾಗಬಹುದು.

ಉಳಿದಂತೆ ಚಪ್ಪಟೆ ಹಾಗೂ ನಕ್ಷತ್ರಮುಖದ ಸ್ಕ್ರೂ ಡ್ರೈವರುಗಳು, ಕಟಿಂಗ್ ಪ್ಲೇಯರ್, ಅರ್ಧ ಕಿಲೋ ಸುತ್ತಿಗೆ, ಆಲನ್ ಕೀ ಸೆಟ್ಟು, ಫೀಲರ್ ಗೇಜು ಇವಿಷ್ಟು ಸಾಕು. ಸಾಕೆಟ್ ಸೆಟ್ಟು ಸಂಪಾದನೆ ಕಂಡ ಮೇಲೆ ಬರಲಿ. ನೂರು ತುಂಡುಗಳ ಅಗ್ಗದ ಪೆಟ್ಟಿಗೆಯನ್ನು ಕಂಡು ಮರುಳಾಗುವುದು ಬೇಡ. ಅದರಲ್ಲಿ ದಿನನಿತ್ಯ ಬಳಕೆಯಾಗುವವು ಹತ್ತು ಹನ್ನೆರಡು ಮಾತ್ರ. ಕ್ರೋಮ್ ವನೇಡಿಯಮ್ ಉಕ್ಕಿನ ಕೆಲವೇ ಸ್ಪ್ಯಾನರುಗಳು ಅದಕ್ಕಿಂತ ಹೆಚ್ಚು ಕಾಲ ಬಾಳುತ್ತವೆ.

ಬಂಡವಾಳವಿಲ್ಲದವರು 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮುದ್ರಾ ಯೋಜನೆಯ ‘ಶಿಶು’ ವಿಭಾಗದಲ್ಲಿ 50,000 ರೂಪಾಯಿಗಳವರೆಗೆ ಆಧಾರರಹಿತ ಸಾಲಕ್ಕಾಗಿ ಬ್ಯಾಂಕಿಗೆ ಅರ್ಜಿ ಸಲ್ಲಿಸಬಹುದು. ಅರ್ಜಿಯೊಂದಿಗೆ ಉಪಕರಣಗಳ ದರಪಟ್ಟಿಯನ್ನು ಅಂಗಡಿಯಿಂದ ಪಡೆದು ಲಗತ್ತಿಸುವುದು ಅನುಕೂಲ.