ಸಣ್ಣ ಹಿಡುವಳಿಗೆ ಮೊದಲನೆಯ ಟ್ರಾಕ್ಟರು
(ಕಡೂರು, ತರೀಕೆರೆ ಮತ್ತು ಅಜ್ಜಂಪುರ ಸೀಮೆಯ ಜಮೀನುದಾರರ ಗಮನಕ್ಕೆ)

ಅಜ್ಜಂಪುರದ ಹೆಸರು ಅಮೃತಮಹಲ್ ತಳಿಯ ದನಗಳಿಂದ ಪ್ರಸಿದ್ಧವಾದುದು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿಯೆಂಬ ಹೆಸರಿನಿಂದ ಆರಂಭವಾಗಿ, ಟಿಪ್ಪೂ ಸುಲ್ತಾನನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರನ್ನು ಪಡೆದ ಈ ದನಗಳ ತಳಿ ಸಂವರ್ಧನ ಕೇಂದ್ರವು ಇಂದಿಗೂ ಅಲ್ಲಿಯೇ ಇದೆ. ವೇಗಕ್ಕೂ ದಣಿವರಿಯದ ದುಡಿಮೆಗೂ ಹೆಸರಾದ ಎತ್ತುಗಳ ಈ ಸೀಮೆಯಲ್ಲಿಯೇ ಈಗ ಜೋಡಿ ಎತ್ತು ಕಟ್ಟುವ ಮನೆಗಳು ವಿರಳವಾಗಿ, ಸ್ವಂತ ಟ್ರಾಕ್ಟರು ಕೊಳ್ಳಬೇಕೆಂಬ ಅಪೇಕ್ಷೆಯು ಐದಾರು ಎಕರೆಯ ಹಿಡುವಳಿದಾರರಲ್ಲಿಯೂ ಬೆಳೆದಿರುತ್ತದೆ. ಅಪೇಕ್ಷೆಯು ತಪ್ಪಲ್ಲ. ಆದರೆ ಈ ಯಂತ್ರವನ್ನು ಬಹುಮಟ್ಟಿಗೆ ಸಾಲದಿಂದಲೇ ಕೊಳ್ಳುವುದಾಗಿದ್ದು, ಆ ಸಾಲಕ್ಕೆ ಜಮೀನೇ ಆಧಾರವಾಗುವ ಸಂದರ್ಭಗಳುಂಟು. ಆದುದರಿಂದ ಆಯ್ಕೆಯಲ್ಲಿ ಆಗತಕ್ಕ ತಪ್ಪಿನ ಭಾರವು ಯಂತ್ರದ ಮೇಲೆ ಬೀಳದೆ ಭೂಮಿಯ ಮೇಲೆ ಬೀಳುತ್ತದೆ.

ನಮ್ಮ ದೇಶದಲ್ಲಿ ಟ್ರಾಕ್ಟರಿನ ಬಳಕೆಯು ಸಣ್ಣ ಹಿಡುವಳಿಗಾಗಿ ಆರಂಭವಾದುದಲ್ಲ. 1947ರಲ್ಲಿ ಸ್ಥಾಪಿತವಾದ ಕೇಂದ್ರ ಟ್ರಾಕ್ಟರ್ ಸಂಸ್ಥೆಯು ಯುದ್ಧಾನಂತರ ಉಳಿದ ಭಾರಿ ಯಂತ್ರಗಳಿಂದ ಕಳೆ ಹಬ್ಬಿ ಪಾಳುಬಿದ್ದ ವಿಸ್ತಾರವಾದ ಭೂಮಿಗಳನ್ನು ಹಸನು ಮಾಡಿಸಿತು. ಇಲ್ಲಿನ ಸ್ಥಿತಿಯಾದರೋ ಬೇರೆ. 2015-16ರ ಕೃಷಿ ಗಣತಿಯಂತೆ ಕರ್ನಾಟಕದ ಹಿಡುವಳಿಯ ಸರಾಸರಿ ವಿಸ್ತೀರ್ಣವು 1.36 ಹೆಕ್ಟೇರು, ಅಂದರೆ ಸುಮಾರು 3 ಎಕರೆ 14 ಗುಂಟೆ. ಇಷ್ಟು ಭೂಮಿಗೆ ಎಂತಹ ಯಂತ್ರ ಬೇಕು, ಸ್ವಂತಕ್ಕೆ ಬೇಕೇ ಬೇಡವೇ ಎಂಬುದನ್ನು ಮೊದಲು ತೀರ್ಮಾನಿಸತಕ್ಕದ್ದು.

ಭೂಮಿಯ ಭೇದ

ಕಡೂರಿನ ಕಡೆ ಹೆಚ್ಚಾಗಿ ಮರಳುಮಿಶ್ರಿತ ಕೆಂಪು ಭೂಮಿ. ರಾಗಿ, ಹುರುಳಿ ಮುಂತಾದ ಖುಷ್ಕಿ ಬೆಳೆಗಳೂ ತೆಂಗಿನ ತೋಟಗಳೂ ಇಲ್ಲಿ ಮುಖ್ಯವಾದುವು. ಈ ಮಣ್ಣು ಸುಲಭವಾಗಿ ಸಡಿಲವಾಗುವುದರಿಂದ ಭಾರಿ ಯಂತ್ರದ ಆವಶ್ಯಕತೆ ಕಡಿಮೆ. ಮಳೆಯ ಹದವು ಮೂರು ನಾಲ್ಕು ದಿನಗಳಲ್ಲಿ ಆರಿಹೋಗುವುದರಿಂದ ಇಲ್ಲಿ ಬೇಕಾದುದು ಬಲಕ್ಕಿಂತಲೂ ವೇಳೆಗೆ ಸರಿಯಾಗಿ ಒದಗುವ ಯಂತ್ರ. ಈ ಭೂಮಿಯನ್ನು ರೋಟವೇಟರಿನಿಂದ ಪದೇ ಪದೇ ಹುಡಿ ಮಾಡಿದರೆ ಮಳೆ ಬಿದ್ದೊಡನೆ ಮೇಲ್ಮಣ್ಣು ಹೆಪ್ಪುಗಟ್ಟಿ ರಾಗಿಯ ಮೊಳಕೆಗೆ ತಡೆಯಾಗುವುದು.

ತರೀಕೆರೆಯ ಕಡೆ ಅಡಕೆಯ ತೋಟಗಳೂ, ಲಕ್ಕವಳ್ಳಿಯ ಭದ್ರಾ ಜಲಾಶಯದ ನಾಲೆಯ ಆಸರೆಯುಳ್ಳ ಗದ್ದೆಗಳೂ ಇವೆ. ಅಡಕೆಯ ಗಿಡಗಳನ್ನು ಸಾಮಾನ್ಯವಾಗಿ 9 ಅಡಿಗೆ 9 ಅಡಿಯಂತೆ ನೆಡುವುದು ರೂಢಿ. ಆರು ಅಡಿ ಅಗಲದ ದೊಡ್ಡ ಟ್ರಾಕ್ಟರು ಅಂತಹ ಸಾಲಿನಲ್ಲಿ ನುಗ್ಗಿದರೆ ಎರಡು ಮಗ್ಗುಲಲ್ಲಿಯೂ ಒಂದೂವರೆ ಅಡಿ ಮಾತ್ರ ಉಳಿಯುತ್ತದೆ. ಸಾಲಿನ ಕೊನೆಯಲ್ಲಿ ತಿರುಗಲು ಸ್ಥಳವೇ ಇರದು. ಇಂತಹ ತೋಟಕ್ಕೆ ಮೂರು ನಾಲ್ಕು ಅಡಿ ಅಗಲದ ಸಣ್ಣ ಟ್ರಾಕ್ಟರು ಅಥವಾ ಪವರ್ ಟಿಲ್ಲರು ಯೋಗ್ಯ. ಅಡಕೆಯ ಆಹಾರ ಹೀರುವ ಬೇರುಗಳು ಮಣ್ಣಿನ ಮೇಲ್ಪದರದಲ್ಲಿಯೇ ಹರಡಿರುವುದರಿಂದ ಬುಡದ ಸಮೀಪದಲ್ಲಿ ಆಳವಾಗಿ ಉಳತಕ್ಕದ್ದಲ್ಲ.

ಹಿಂದೆ ತರೀಕೆರೆ ತಾಲ್ಲೂಕಿಗೆ ಸೇರಿದ್ದು ಈಗ ಪ್ರತ್ಯೇಕ ತಾಲ್ಲೂಕಾಗಿರುವ ಅಜ್ಜಂಪುರದ ಕಡೆ ಎರೆಭೂಮಿಯೂ ಈರುಳ್ಳಿಯ ಬೇಸಾಯವೂ ಉಂಟು. ಒಣಗಿದ ಎರೆಮಣ್ಣನ್ನು ಆಳವಾಗಿ ಉಳಲು ಹೆಚ್ಚಿನ ಬಲ ಬೇಕು. ಆದಾಗ್ಯೂ ಹಸಿ ಎರೆಯಲ್ಲಿ ಭಾರದ ಯಂತ್ರವನ್ನು ಓಡಿಸಿದರೆ ಕೆಳಮಣ್ಣು ಒತ್ತಿ ಗಟ್ಟಿಯಾಗಿ ನೀರೂ ಬೇರೂ ಇಳಿಯದಂತಾಗುವುದು. ಆಳ ಉಳುಮೆಯು ವರ್ಷಕ್ಕೊಂದು ಸಲ ಅಥವಾ ಎರಡು ಮೂರು ವರ್ಷಕ್ಕೊಂದು ಸಲ ಬರತಕ್ಕ ಕೆಲಸವಾದುದರಿಂದ ಅದೊಂದಕ್ಕಾಗಿ ದೊಡ್ಡ ಯಂತ್ರವನ್ನು ಕೊಳ್ಳುವುದಕ್ಕಿಂತ ಆ ಕೆಲಸವನ್ನು ಬಾಡಿಗೆಗೆ ಮಾಡಿಸುವುದು ಲೇಸು.

ಅಶ್ವಶಕ್ತಿಯ ವಿಚಾರ

ಮಾರಾಟಗಾರರು ಹೇಳುವುದು ಎಂಜಿನ್ನಿನ ಅಶ್ವಶಕ್ತಿ. ರೋಟವೇಟರು, ಒಕ್ಕಣೆ ಯಂತ್ರ ಮುಂತಾದುವನ್ನು ತಿರುಗಿಸುವ ಹಿಂಬದಿಯ ದಂಡಕ್ಕೆ, ಅಂದರೆ ಪಿ.ಟಿ.ಓ.ಗೆ, ಮುಟ್ಟುವ ಶಕ್ತಿಯು ಅದಕ್ಕಿಂತ ಕಡಿಮೆ. ಕೊಳ್ಳುವವರು ಕೇಳಬೇಕಾದುದು ಈ ಎರಡನೆಯ ಅಂಕಿಯನ್ನು. ಸ್ಥೂಲವಾಗಿ ಹೇಳುವುದಾದರೆ, 15ರಿಂದ 20 ಅಶ್ವಶಕ್ತಿಯ ಸಣ್ಣ ಟ್ರಾಕ್ಟರು ಐದು ಗುಳದ ಕಲ್ಟಿವೇಟರನ್ನೂ ಮೂರಡಿ ರೋಟವೇಟರನ್ನೂ ನಡೆಸಬಲ್ಲದು. ಒಂಬತ್ತು ಗುಳದ ಕಲ್ಟಿವೇಟರಿಗೂ ಐದಡಿ ರೋಟವೇಟರಿಗೂ 35 ಅಶ್ವಶಕ್ತಿಗೆ ಕಡಿಮೆಯಿಲ್ಲದ ಯಂತ್ರ ಬೇಕು.

ಕೆಲಸದ ಪ್ರಮಾಣವನ್ನು ಹೀಗೆ ಲೆಕ್ಕಹಾಕಬಹುದು. ಒಂಬತ್ತು ಗುಳದ ಕಲ್ಟಿವೇಟರಿನ ಅಗಲ ಸುಮಾರು 2 ಮೀಟರು. ಗಂಟೆಗೆ ನಾಲ್ಕೂವರೆ ಕಿಲೋಮೀಟರು ನಡೆದರೆ 9,000 ಚದರ ಮೀಟರು. ತಿರುಗುವ ಮತ್ತು ನಿಲ್ಲುವ ಕಾಲಕ್ಕಾಗಿ ನೂರಕ್ಕೆ ಮೂವತ್ತು ಕಳೆದರೆ 6,300 ಚದರ ಮೀಟರು, ಅಂದರೆ ಗಂಟೆಗೆ ಸುಮಾರು ಒಂದೂವರೆ ಎಕರೆ. ಮರದ ನೇಗಿಲು ಹೂಡಿದ ಜೋಡಿ ಎತ್ತು ದಿನವಿಡೀ ದುಡಿದು ಉಳುವುದು ಅರ್ಧದಿಂದ ಮುಕ್ಕಾಲು ಎಕರೆ. ಯಂತ್ರದ ಗುಣವು ಇದರಿಂದ ಸ್ಪಷ್ಟವಾಗುತ್ತದೆ; ಅದರ ತೊಡಕೂ ಇದರಲ್ಲಿಯೇ ಇದೆ. ಐದು ಎಕರೆಯ ಒಡೆಯನು ಎರಡು ಸಲ ಉತ್ತರೂ ಏಳು ಗಂಟೆಯೊಳಗೆ ಕೆಲಸ ಮುಗಿದು, ಯಂತ್ರವು ಕೊಟ್ಟಿಗೆ ಸೇರುತ್ತದೆ. ಸಾಲದ ಬಡ್ಡಿ ಮಾತ್ರ ನಿಲ್ಲುವುದಿಲ್ಲ.

ಗಂಟೆಯ ಲೆಕ್ಕ

ಉದಾಹರಣೆಗಾಗಿ, ಉಪಕರಣಗಳೂ ಸೇರಿ 7 ಲಕ್ಷ ರೂಪಾಯಿಗೆ ಕೊಂಡ ಯಂತ್ರವು ಹತ್ತು ವರ್ಷದ ಮೇಲೆ 2 ಲಕ್ಷಕ್ಕೆ ಮಾರಾಟವಾಗುವುದೆಂದು ಭಾವಿಸೋಣ. ಆಗ ವಾರ್ಷಿಕ ವೆಚ್ಚ ಹೀಗಿರುವುದು:

ಸವಕಳಿ — 50,000 ರೂ.
ಸರಾಸರಿ ನಾಲ್ಕೂವರೆ ಲಕ್ಷದ ಮೇಲೆ ನೂರಕ್ಕೆ ಹತ್ತರಂತೆ ಬಡ್ಡಿ — 45,000 ರೂ.
ವಿಮೆ, ಕೊಟ್ಟಿಗೆ, ವಾರ್ಷಿಕ ದುರಸ್ತಿ — 20,000 ರೂ.
ಒಟ್ಟು — 1,15,000 ರೂ.

ಈ ಮೊತ್ತವು ಯಂತ್ರ ಓಡಿದರೂ ಓಡದಿದ್ದರೂ ತಗಲುವುದು. ಇದಲ್ಲದೆ ಡೀಸೆಲ್, ಎಣ್ಣೆ, ಚಾಲಕನ ಕೂಲಿ ಸೇರಿ ಗಂಟೆಗೆ 550 ರೂಪಾಯಿ ಆಗುವುದೆಂದೂ, ಊರಿನ ಬಾಡಿಗೆಯ ದರ ಗಂಟೆಗೆ 1,000 ರೂಪಾಯಿಯೆಂದೂ ಇಟ್ಟುಕೊಂಡರೆ, ಸ್ವಂತ ಯಂತ್ರದಿಂದ ಉಳಿಯುವುದು ಗಂಟೆಗೆ 450 ರೂಪಾಯಿ. 1,15,000ವನ್ನು 450ರಿಂದ ಭಾಗಿಸಿದರೆ ಸುಮಾರು 255 ಗಂಟೆ. ವರ್ಷಕ್ಕೆ ಇಷ್ಟು ಗಂಟೆಗಳ ಕೆಲಸವಿಲ್ಲದವರಿಗೆ ಬಾಡಿಗೆಯೇ ಅಗ್ಗ. ಎಕರೆಗೆ ಎಂಟು ಗಂಟೆಯ ಕೆಲಸವೆಂದರೂ ಐದು ಎಕರೆಗೆ ಆಗುವುದು 40 ಗಂಟೆ. ಆಗ ಸ್ವಂತ ಯಂತ್ರದ ಒಂದೊಂದು ಗಂಟೆಯ ವೆಚ್ಚ 3,425 ರೂಪಾಯಿಯಾಗಿ ಪರಿಣಮಿಸುತ್ತದೆ. ಪ್ರತಿಯೊಬ್ಬರೂ ತಮ್ಮ ಊರಿನ ದರಗಳನ್ನು ಈ ಅಂಕಿಗಳ ಸ್ಥಳದಲ್ಲಿಟ್ಟು ಲೆಕ್ಕವನ್ನು ತಾವೇ ಮಾಡಿ ನೋಡತಕ್ಕದ್ದು.

ನೆರೆಹೊರೆಯವರಿಗೆ ಬಾಡಿಗೆಗೆ ಓಡಿಸಿ ಉಳಿದ ಗಂಟೆಗಳನ್ನು ತುಂಬಿಸಬಹುದೆಂಬ ವಾದವುಂಟು. ಊರಿನಲ್ಲಿ ಈಗಾಗಲೇ ಐದಾರು ಟ್ರಾಕ್ಟರುಗಳಿದ್ದರೆ ಅವೆಲ್ಲವೂ ಅದೇ ಬಾಡಿಗೆಗಾಗಿ ಕಾದಿರುತ್ತವೆ. ಮಳೆ ಬಿದ್ದ ವಾರದಲ್ಲಿ ಎಲ್ಲರಿಗೂ ಕೆಲಸ. ಮಿಕ್ಕ ಕಾಲದಲ್ಲಿ ಯಾರಿಗೂ ಇಲ್ಲ. ಸರ್ಕಾರದ ಸಹಾಯಧನವು ಬೆಲೆಯನ್ನು ಇಳಿಸುವುದೇ ಹೊರತು ಇಲ್ಲದ ಕೆಲಸವನ್ನು ಒದಗಿಸುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಟ್ರಾಕ್ಟರುಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆಯು ನೂರಕ್ಕೆ 12ರಿಂದ 5ಕ್ಕೆ ಇಳಿದಿರುವುದೂ ಹಾಗೆಯೇ. ಸಹಾಯಧನದ ನಿಯಮಗಳು ಕಾಲಕಾಲಕ್ಕೆ ಬದಲಾಗುವುದರಿಂದ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿದ ಮೇಲೆಯೇ ಮುಂಗಡ ಕೊಡತಕ್ಕದ್ದು.

ಕೊಳ್ಳುವುದೇ ಸರಿಯೆಂದಾದಾಗ

1. ಒಂದು ವರ್ಷ ಬಾಡಿಗೆಯ ಯಂತ್ರದಿಂದಲೇ ಬೇಸಾಯ ಮಾಡಿಸಿ, ಯಾವ ಕೆಲಸಕ್ಕೆ ಎಷ್ಟು ಗಂಟೆಯಾಯಿತೆಂದು ಪುಸ್ತಕದಲ್ಲಿ ಬರೆದಿಡಬೇಕು. ಈ ಪುಸ್ತಕಕ್ಕಿಂತ ಉತ್ತಮವಾದ ಸಲಹೆಗಾರರಿಲ್ಲ.

2. ಹೊಲದ ದಾರಿ, ತೋಟದ ಬಾಗಿಲು, ಗಿಡದ ಸಾಲು, ಬದುವಿನ ತಿರುವು ಇವುಗಳನ್ನು ಅಳೆದ ಮೇಲೆಯೇ ಯಂತ್ರದ ಅಗಲವನ್ನು ನೋಡಬೇಕು.

3. ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರೀಯ ಸಂಸ್ಥೆಯು ಟ್ರಾಕ್ಟರುಗಳನ್ನು ಪರೀಕ್ಷಿಸಿ ವರದಿ ಕೊಡುತ್ತದೆ. ಪಿ.ಟಿ.ಓ. ಶಕ್ತಿ, ಎಳೆಯುವ ಬಲ, ಇಂಧನದ ಖರ್ಚು ಅದರಲ್ಲಿ ದೊರೆಯುತ್ತವೆ. ಮಾರಾಟಗಾರರಿಂದ ಆ ವರದಿಯನ್ನು ಕೇಳಿ ಪಡೆಯಬೇಕು.

4. ಬಿಡಿಭಾಗಗಳೂ ನುರಿತ ಮೆಕ್ಯಾನಿಕ್ಕನೂ ಕಡೂರು, ಬೀರೂರು ಅಥವಾ ತರೀಕೆರೆಯಲ್ಲಿಯೇ ಸಿಕ್ಕುವಂತಹ ಯಂತ್ರವನ್ನು ಆರಿಸಬೇಕು. ಬಿತ್ತನೆಯ ಹದದಲ್ಲಿ ನಾಲ್ಕು ದಿನ ಕೆಟ್ಟು ನಿಂತ ಯಂತ್ರವು ಎಷ್ಟು ಅಗ್ಗವಾಗಿದ್ದರೂ ದುಬಾರಿಯೇ.

5. ಹಳೆಯ ಯಂತ್ರವನ್ನು ಕೊಳ್ಳುವವರು ನೋಂದಣಿ ಪತ್ರದಲ್ಲಿ ಸಾಲದ ನಮೂದು ತೆಗೆದುಹಾಕಲ್ಪಟ್ಟಿದೆಯೇ ಎಂದು ನೋಡಿ, ಎಂಜಿನ್ನು ತಣ್ಣಗಿರುವಾಗಲೇ ಹೊತ್ತಿಸಿ ಪರೀಕ್ಷಿಸಬೇಕು. ಭಾರವನ್ನು ಎತ್ತಿದ ಹೈಡ್ರಾಲಿಕ್ ತೋಳುಗಳು ತಾವಾಗಿಯೇ ಇಳಿಯುತ್ತಿದ್ದರೆ ದುರಸ್ತಿಯ ವೆಚ್ಚವನ್ನು ಬೆಲೆಯಲ್ಲಿ ಕಳೆಯಬೇಕು.

ಎಚ್ಚರಿಕೆ

ಪಿ.ಟಿ.ಓ. ದಂಡವು ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು, ಅಂದರೆ ಒಂದು ಸೆಕೆಂಡಿಗೆ ಒಂಬತ್ತು ಸುತ್ತು ತಿರುಗುತ್ತದೆ. ಪಂಚೆಯ ಅಂಚಾಗಲಿ ಸೀರೆಯ ಸೆರಗಾಗಲಿ ಸಿಕ್ಕಿದರೆ ಬಿಡಿಸಿಕೊಳ್ಳಲು ಅವಕಾಶವೇ ಇರದು. ಅದರ ಮುಚ್ಚಳವನ್ನು ಎಂದಿಗೂ ತೆಗೆದಿಡಬಾರದು. ಮಡ್‌ಗಾರ್ಡಿನ ಮೇಲೆ ಮಕ್ಕಳನ್ನು ಕೂರಿಸುವುದು, ಕೂಲಿಯವರನ್ನು ಟ್ರೈಲರಿನಲ್ಲಿ ತುಂಬಿ ಸಾಗಿಸುವುದು, ಬದುವಿನ ಅಂಚಿನಲ್ಲಿ ವೇಗವಾಗಿ ತಿರುಗಿಸುವುದು ಪ್ರಾಣಾಪಾಯಕರವಾದುವು. ಟ್ರೈಲರಿಗೂ ಪ್ರತ್ಯೇಕ ನೋಂದಣಿ ಅವಶ್ಯ.

ಊರಿನ ಮುಖಂಡರ ಕರ್ತವ್ಯ

ಒಬ್ಬೊಬ್ಬರಿಗೆ 40 ಗಂಟೆಯ ಕೆಲಸವಿರುವ ಏಳು ಮನೆಗಳು ಸೇರಿದರೆ 280 ಗಂಟೆ. ಯಂತ್ರಕ್ಕೆ ಬೇಕಾದಷ್ಟು ಕೆಲಸ ಒದಗಿತು. ಸಹಕಾರ ಸಂಘದ ಅಥವಾ ರೈತ ಉತ್ಪಾದಕರ ಕಂಪನಿಯ ಮೂಲಕ ಒಂದು ಯಂತ್ರವನ್ನು ಕೊಂಡು, ಸರದಿಯ ಕ್ರಮವನ್ನೂ ದುರಸ್ತಿಯ ನಿಧಿಯನ್ನೂ ಕೊಳ್ಳುವ ಮೊದಲೇ ಬರೆದಿಟ್ಟರೆ ಜಗಳಕ್ಕೆ ಆಸ್ಪದ ಕಡಿಮೆ. ಯಾರ ಹೊಲಕ್ಕೆ ಮೊದಲು ಎಂಬುದನ್ನು ಹದ ಬಿದ್ದ ದಿನ ತೀರ್ಮಾನಿಸಹೊರಟರೆ ಕೂಟವು ಅಂದೇ ಮುರಿಯುವುದು. 2014-15ರಿಂದ ರಾಜ್ಯದಲ್ಲಿ ನಡೆದುಬಂದ ಕೃಷಿ ಯಂತ್ರಧಾರೆಯ ಬಾಡಿಗೆ ಕೇಂದ್ರಗಳೂ ಇದೇ ತತ್ತ್ವದ ಮೇಲೆ ನಿಂತಿವೆ.

ಮತ್ತೊಂದು ಮಾತು. ಟ್ರಾಕ್ಟರು ಬಂದೊಡನೆ ಕೊನೆಯ ಜೋಡಿ ಎತ್ತನ್ನೂ ಮಾರಿಬಿಡುವುದು ವಿವೇಕವಲ್ಲ. ಮೇಲೆದ್ದ ರಾಗಿಯ ಪೈರಿನಲ್ಲಿ ಎಡೆಕುಂಟೆ ಹೊಡೆಯಲು ದೊಡ್ಡ ಯಂತ್ರವು ಇಳಿಯಲಾರದು. ಕೊಟ್ಟಿಗೆ ಗೊಬ್ಬರವನ್ನಂತೂ ಯಾವ ಯಂತ್ರವೂ ಕೊಡಲಾರದು. ಊರಿಗೆ ಕೆಲವು ಜೋಡಿ ಎತ್ತುಗಳೂ, ಏಳೆಂಟು ಮನೆಗೆ ಒಂದು ಟ್ರಾಕ್ಟರೂ, ಮನೆಮನೆಗೆ ಒಂದು ಲೆಕ್ಕದ ಪುಸ್ತಕವೂ ಇರುವ ವ್ಯವಸ್ಥೆಯು ಈ ಸೀಮೆಯ ಸಣ್ಣ ಹಿಡುವಳಿಗಳಿಗೆ ಹೆಚ್ಚು ಅನುಕೂಲವಾದುದು. ಮುಂಗಾರಿಗೆ ಮುಂಚೆ ಊರಿನ ಹಿರಿಯರು ಸಭೆ ಸೇರಿಸಿ ಗಂಟೆಗಳ ಲೆಕ್ಕವನ್ನು ತೆಗೆಸುವುದು ಅದಕ್ಕೆ ಮೊದಲ ಹೆಜ್ಜೆ.