ಬೆಳೆಗೆ ಔಷಧ, ಮನುಷ್ಯನಿಗೆ ವಿಷ

ಪುಣೆಯ ಮಾರ್ಕೆಟ್ ಯಾರ್ಡಿಗೆ ಬರುವ ನಾರಾಯಣಗಾವಿನ ಟೊಮೇಟೊಗಳನ್ನು ನಗರವಾಸಿಗಳಾದ ನಾವು ಬೆಲೆ ಕೊಟ್ಟು ಕೊಳ್ಳುತ್ತೇವೆ. ಆದರೆ ಬೆಳೆಯುವವನ ಕಷ್ಟ ನಮಗೆ ಕಾಣಿಸದು. ಹಾವು, ಬಾವಿ, ಒಕ್ಕುವ ಯಂತ್ರ ಮೊದಲಾದ ಅಪಾಯಗಳನ್ನು ರೈತನು ಕಣ್ಣಾರೆ ಕಂಡು ಎಚ್ಚರಗೊಳ್ಳಬಲ್ಲನು. ಕೀಟನಾಶಕದ ಅಪಾಯವಾದರೋ ಕಣ್ಣಿಗೆ ಕಾಣುವಂಥದಲ್ಲ. ಅದನ್ನು ಹಳ್ಳಿಗರು ‘ಔಷಧ’ವೆಂದೇ ಕರೆಯುವುದರಿಂದ ಭಯವೂ ಹುಟ್ಟುವುದಿಲ್ಲ.

2017ರ ಮಳೆಗಾಲದಲ್ಲಿ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯಲ್ಲಿ ಹತ್ತಿಯ ಬೆಳೆಗೆ ಕೀಟನಾಶಕವನ್ನು ಸಿಂಪಡಿಸಿದವರಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಮೃತರಾದರು. ನೂರಾರು ಜನ ಆಸ್ಪತ್ರೆಯನ್ನು ಸೇರಿದರು. ಆ ವರ್ಷ ಗಿಡಗಳು ಆಳೆತ್ತರಕ್ಕೆ ಬೆಳೆದಿದ್ದವು. ಆದ್ದರಿಂದ ವಿಷದ ತುಂತುರು ಮುಖದ ಮಟ್ಟದಲ್ಲಿಯೇ ಹರಡಿತು.

ಈ ವಿಷವು ದೇಹವನ್ನು ಸೇರಲು ಕುಡಿಯಲೇಬೇಕೆಂದಿಲ್ಲ. ಉಸಿರಿನೊಡನೆ ಹೋಗುತ್ತದೆ, ಚರ್ಮದ ಮೂಲಕವೂ ಇಳಿಯುತ್ತದೆ. ನರಗಳ ಸಂದೇಶವನ್ನು ಸಕಾಲದಲ್ಲಿ ನಿಲ್ಲಿಸುವ ಕಿಣ್ವವೊಂದು ನಮ್ಮಲ್ಲಿದೆ. ಅನೇಕ ಕೀಟನಾಶಕಗಳು ಅದನ್ನು ನಿಷ್ಕ್ರಿಯಗೊಳಿಸುತ್ತವೆ. ಆಗ ಅತಿಯಾದ ಬೆವರು, ಜೊಲ್ಲು, ವಾಂತಿ, ಮಂಜುಗಣ್ಣು ಕಾಣಿಸಿಕೊಂಡು ಕೊನೆಗೆ ಉಸಿರು ಕಟ್ಟುತ್ತದೆ.

1958ರಲ್ಲಿ ಕೇರಳದಲ್ಲಿ, ಹಡಗಿನಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕ ಸೋಂಕಿದ್ದ ಗೋಧಿಹಿಟ್ಟನ್ನು ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ಮುಂದೆ 1968ರಲ್ಲಿ ಭಾರತದಲ್ಲಿ ಕೀಟನಾಶಕಗಳ ಕಾಯಿದೆಯಾಯಿತು. ಅದರ 1971ರ ನಿಯಮಗಳು ಡಬ್ಬಿಯ ಮೇಲೆ ಬಣ್ಣದ ಗುರುತನ್ನು ಗೊತ್ತುಪಡಿಸಿದವು. ಕೆಂಪು ಅತ್ಯಂತ ಘೋರ ವಿಷದ ಗುರುತು. ಹಳದಿ, ನೀಲಿ, ಹಸಿರು ಕ್ರಮವಾಗಿ ಕಡಿಮೆ ವಿಷದವು. ಹಸಿರೆಂದ ಮಾತ್ರಕ್ಕೆ ಅಪಾಯವಿಲ್ಲವೆಂದು ಭಾವಿಸಬಾರದು.

ಸಿಂಪಡಿಸುವವರು ಪಾಲಿಸತಕ್ಕ ನಿಯಮಗಳು ಹೀಗಿವೆ: ಗಾಳಿಗೆ ಎದುರಾಗಿ ಸಿಂಪಡಿಸಬಾರದು. ತುಂಬುತೋಳಿನ ಅಂಗಿ, ಕೈಚೀಲ, ಮುಖವಾಡ, ಬೂಟುಗಳನ್ನು ಧರಿಸಬೇಕು. ಕಟ್ಟಿಕೊಂಡ ನಳಿಗೆಯನ್ನು ಬಾಯಿಂದ ಊದಬಾರದು. ಕೆಲಸದ ನಡುವೆ ತಿನ್ನುವುದು, ತಂಬಾಕು ಹಾಕುವುದು ಸಲ್ಲದು. ಮುಗಿದೊಡನೆ ಸಾಬೂನಿನಿಂದ ಸ್ನಾನ ಮಾಡಿ, ಬಟ್ಟೆಯನ್ನು ಬೇರೆಯಾಗಿ ಒಗೆಯಬೇಕು. ಬರಿದಾದ ಡಬ್ಬಿಯನ್ನು ಮನೆಬಳಕೆಗೆ ತರಬಾರದು. ಅಸ್ವಸ್ಥನಾದವನನ್ನು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ವಿಷವಾವುದೆಂದು ವೈದ್ಯರಿಗೆ ತಿಳಿಯಲು ಡಬ್ಬಿಯ ಚೀಟಿಯನ್ನೂ ಕೊಡಬೇಕು.

ಡಬ್ಬಿಯನ್ನು ಕೊಳ್ಳುವವನು ಹೊಲದೊಡೆಯ. ಸಿಂಪಡಿಸುವವನು ಅನೇಕ ವೇಳೆ ಅಕ್ಷರವರಿಯದ ಕೂಲಿಕಾರ. ವಿದ್ಯಾರ್ಥಿ ಮಿತ್ರರೇ, ರಜೆಯಲ್ಲಿ ವಿಜಯಪುರ, ಕಲಬುರ್ಗಿಗಳ ಕಡೆಯ ನಿಮ್ಮ ಊರುಗಳಿಗೆ ಹೋದಾಗ ನೀವು ಡಬ್ಬಿಯನ್ನು ಮುಟ್ಟಬೇಡಿರಿ; ಆದರೆ ಅದರ ಮೇಲಿನ ಬಣ್ಣದ ಅರ್ಥವನ್ನು ನಿಮ್ಮ ದೊಡ್ಡಪ್ಪ, ಸೋದರಮಾವಂದಿರಿಗೂ ಹೊಲದ ಆಳಿಗೂ ತಿಳಿಸಿರಿ. ನೀವು ಕಲಿತ ವಿದ್ಯೆಯಿಂದ ಒಂದು ಜೀವ ಉಳಿದೀತು.