ಪಟಾಕಿ ಬಳಕೆಯ ನಿಯಮಗಳು ಮತ್ತು ಗ್ರಾಮ ಪಂಚಾಯತಿಯ ಹೊಣೆ

ಮಾನ್ಯ ಸದಸ್ಯರ ಅವಗಾಹನೆಗೆ ಅಧ್ಯಯನ ಪಾಠ

1. ಪಾಠದ ಉದ್ದೇಶ

2023ರ ಆಗಸ್ಟ್ 29ರಂದು ಹಾವೇರಿ ಸಮೀಪದ ಆಲದಕಟ್ಟಿಯ ಬಳಿ ಪಟಾಕಿ ಗೋದಾಮಿಗೆ ಬೆಂಕಿ ತಗುಲಿ ಕಾರ್ಮಿಕರು ಪ್ರಾಣ ಕಳೆದುಕೊಂಡರು. ಅದೇ ವರ್ಷದ ಅಕ್ಟೋಬರ್ 7ರಂದು ಆನೇಕಲ್ ತಾಲ್ಲೂಕಿನ ಅತ್ತಿಬೆಲೆಯ ಪಟಾಕಿ ಮಳಿಗೆಯಲ್ಲಿ ಇದಕ್ಕಿಂತ ದೊಡ್ಡ ದುರಂತ ಸಂಭವಿಸಿತು. ಇದಾದ ಬಳಿಕ ರಾಜ್ಯ ಸರ್ಕಾರವು ಮೆರವಣಿಗೆ, ಮದುವೆ ಹಾಗೂ ರಾಜಕೀಯ ಸಮಾರಂಭಗಳಲ್ಲಿ ಪಟಾಕಿ ಸಿಡಿಸುವುದನ್ನು ನಿಷೇಧಿಸುವುದಾಗಿಯೂ, ಹಸಿರು ಪಟಾಕಿಗಳಿಗೆ ಮಾತ್ರ ಅವಕಾಶ ನೀಡುವುದಾಗಿಯೂ ಪ್ರಕಟಿಸಿತು.

ಪಟಾಕಿ ವಿಷಯವು ಸಾಮಾನ್ಯ ಸಭೆಗೆ ಬಂದಾಗ ‘ಪರವಾನಗಿ ಕೊಡುವವರು ಜಿಲ್ಲಾಧಿಕಾರಿಗಳು, ಕ್ರಮ ಜರುಗಿಸುವವರು ಪೊಲೀಸರು, ಇದರಲ್ಲಿ ನಮ್ಮದೇನಿದೆ?’ ಎಂಬ ಪ್ರಶ್ನೆ ಏಳುವುದುಂಟು. ಪ್ರಶ್ನೆ ಅರ್ಧ ಸರಿ. ಪರವಾನಗಿ ನಮ್ಮ ಅಧಿಕಾರದಲ್ಲಿಲ್ಲ. ಆದರೆ ಊರಿನಲ್ಲಿ ಬಣವೆ ಎಲ್ಲಿದೆ, ಬಯಲು ಎಲ್ಲಿದೆ, ನೀರು ಎಲ್ಲಿದೆ ಎಂಬುದನ್ನು ಬಲ್ಲವರು ಸದಸ್ಯರೇ. ಸ್ಥಳ, ಸಮಯ ಮತ್ತು ಮುನ್ಸೂಚನೆ ಈ ಮೂರನ್ನು ಹಬ್ಬಕ್ಕೆ ಮೊದಲೇ ನಿಶ್ಚಯಿಸುವುದು ಪಂಚಾಯತಿಯ ಕೆಲಸ.

2. ನಿವಾಸಿಗಳಿಗೆ ಅನ್ವಯಿಸುವ ನಿಯಮಗಳು

ಸರ್ವೋಚ್ಚ ನ್ಯಾಯಾಲಯವು 2018ರ ಅಕ್ಟೋಬರ್ 23ರ ಆದೇಶದಲ್ಲಿ ಮತ್ತು ಶಬ್ದ ಮಾಲಿನ್ಯ (ನಿಯಂತ್ರಣ) ನಿಯಮಗಳು, 2000 ವಿಧಿಸಿರುವ ಮುಖ್ಯ ಅಂಶಗಳು ಇವು:

(ಅ) ದೀಪಾವಳಿಯಂದು ರಾತ್ರಿ 8ರಿಂದ 10 ಗಂಟೆಯವರೆಗೆ ಮಾತ್ರ ಪಟಾಕಿ ಸಿಡಿಸಬಹುದು. ಕ್ರಿಸ್‌ಮಸ್ ಮತ್ತು ಹೊಸ ವರ್ಷದ ಮುನ್ನಾದಿನಗಳಲ್ಲಿ ರಾತ್ರಿ 11.55ರಿಂದ 12.30ರವರೆಗೆ ಅವಕಾಶವಿದೆ.

(ಆ) ಸರಪಟಾಕಿಗಳ ತಯಾರಿಕೆ, ಮಾರಾಟ ಮತ್ತು ಬಳಕೆ ನಿಷಿದ್ಧ. ಬೇರಿಯಂ ಲವಣವುಳ್ಳ ಪಟಾಕಿಗಳಿಗೂ ಅವಕಾಶವಿಲ್ಲ. ಆನ್‌ಲೈನ್ ಮೂಲಕ ಮಾರಾಟ ಸಲ್ಲದು.

(ಇ) ಸಿಡಿಯುವ ಸ್ಥಳದಿಂದ 4 ಮೀಟರ್ ದೂರದಲ್ಲಿ 125 ಡೆಸಿಬೆಲ್‌ಗಿಂತ ಹೆಚ್ಚು ಸದ್ದು ಮಾಡುವ ಪಟಾಕಿ ಕಾನೂನುಬಾಹಿರ.

(ಈ) ಆಸ್ಪತ್ರೆ, ಶಾಲೆ ಮುಂತಾದವುಗಳ ಸುತ್ತಲಿನ ನಿಶ್ಶಬ್ದ ವಲಯದಲ್ಲಿ ಸದ್ದು ಮಾಡುವ ಪಟಾಕಿ ಸಿಡಿಸುವಂತಿಲ್ಲ. ನಿಶ್ಶಬ್ದ ವಲಯವು ಸುತ್ತ 100 ಮೀಟರ್‌ವರೆಗೆ ಇರುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರವಿರುವ ಗ್ರಾಮಗಳ ಸದಸ್ಯರು ಇದನ್ನು ವಿಶೇಷವಾಗಿ ಗಮನಿಸಬೇಕು.

ಹಸಿರು ಪಟಾಕಿ ಎಂದರೆ ಹೊಗೆಯೇ ಇಲ್ಲದ ಪಟಾಕಿಯಲ್ಲ. ರಾಷ್ಟ್ರೀಯ ಸಂಶೋಧನಾ ಸಂಸ್ಥೆ ‘ನೀರಿ’ ರೂಪಿಸಿದ ಸೂತ್ರದಂತೆ ತಯಾರಾದ, ಕಡಿಮೆ ಹೊಗೆ ಬಿಡುವ ಪಟಾಕಿ. ಪೊಟ್ಟಣದ ಮೇಲಿನ ಹಸಿರು ಪಟಾಕಿಯ ಗುರುತು ಮತ್ತು ಕ್ಯೂಆರ್ ಸಂಕೇತದಿಂದ ಅದನ್ನು ಗುರುತಿಸಬಹುದು. ಅದೂ ಬೆಂಕಿಯೇ, ಬಣವೆಗೆ ಬಿದ್ದರೆ ಸುಡುತ್ತದೆ.

ನಿರ್ಲಕ್ಷ್ಯದಿಂದ ಸ್ಫೋಟಕ ಬಳಸಿ ಇತರರ ಪ್ರಾಣಕ್ಕೆ ಅಪಾಯ ಒಡ್ಡುವವರಿಗೆ ಭಾರತೀಯ ನ್ಯಾಯ ಸಂಹಿತೆಯ ಕಲಂ 288ರ ಅನ್ವಯ 6 ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು.

3. ತಾತ್ಕಾಲಿಕ ಅಂಗಡಿಗಳು

ಹಬ್ಬದ ಅಂಗಡಿಗಳಿಗೆ ಸ್ಫೋಟಕ ನಿಯಮಗಳು, 2008 ಅನ್ವಯಿಸುತ್ತವೆ. ಶೆಡ್ಡನ್ನು ಬೆಂಕಿ ಹೊತ್ತದ ಸಾಮಗ್ರಿಯಿಂದ ನಿರ್ಮಿಸಬೇಕು. ಒಂದು ಶೆಡ್ಡಿಗೂ ಇನ್ನೊಂದಕ್ಕೂ ಕನಿಷ್ಠ 3 ಮೀಟರ್ ಅಂತರವಿರಬೇಕು. ಶೆಡ್ಡುಗಳು ಎದುರುಬದುರಾಗಿ ಇರಬಾರದು. ವಾಸದ ಮನೆ, ಶಾಲೆ ಮುಂತಾದ ಸಂರಕ್ಷಿತ ಕಟ್ಟಡಗಳಿಂದ 50 ಮೀಟರ್ ದೂರವಿರಬೇಕು. ಎಣ್ಣೆ ದೀಪ, ಗ್ಯಾಸ್ ದೀಪ ಸಲ್ಲವು. ಅಂಗಡಿಯಿಂದ 50 ಮೀಟರ್ ಒಳಗೆ ಪಟಾಕಿ ಹಚ್ಚುವಂತಿಲ್ಲ. ಒಂದು ಕಡೆ 50ಕ್ಕಿಂತ ಹೆಚ್ಚು ಅಂಗಡಿಗಳಿಗೆ ಅವಕಾಶವಿಲ್ಲ.

ಈ ಅಂತರಗಳ ಹಿಂದೆ ಒಂದು ಕಾರಣವಿದೆ. ಪಟಾಕಿ ಮದ್ದಿನಲ್ಲಿ ಉರಿಯುವ ವಸ್ತುವಿನ ಜೊತೆಗೆ ಆಮ್ಲಜನಕ ಒದಗಿಸುವ ಲವಣವೂ ಬೆರೆತಿರುತ್ತದೆ. ಆದ್ದರಿಂದ ಗೋಣಿಚೀಲ ಹೊದಿಸಿ ಗಾಳಿ ತಡೆದರೂ ಅದು ಆರುವುದಿಲ್ಲ. ಒಂದು ಪೆಟ್ಟಿಗೆ ಹೊತ್ತಿದರೆ ಪಕ್ಕದ್ದಕ್ಕೆ ಕ್ಷಣದಲ್ಲಿ ಹರಡುತ್ತದೆ. ಹೊತ್ತಿದ ಮೇಲೆ ತಡೆಯುವುದು ಅಂತರವೊಂದೇ. ಆದ ಕಾರಣ ಪಂಚಾಯತಿಯ ಜಾಗಕ್ಕೆ ನಿರಾಕ್ಷೇಪಣೆ ಕೋರಿ ಅರ್ಜಿ ಬಂದಾಗ ಟೇಪು ಹಿಡಿದು ಸ್ಥಳದಲ್ಲೇ ಅಳತೆ ಮಾಡಿ, ನಕ್ಷೆ ಬರೆದು ಅಭಿಪ್ರಾಯ ನೀಡುವುದು ಯುಕ್ತ. ಕಿರಾಣಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಪರವಾನಗಿ ಇಲ್ಲದೆ ದಾಸ್ತಾನು ಕಂಡುಬಂದರೆ ತಹಶೀಲ್ದಾರರಿಗೆ ಮತ್ತು ಪೊಲೀಸ್ ಠಾಣೆಗೆ ಲಿಖಿತವಾಗಿ ತಿಳಿಸಬೇಕು.

4. ನಮ್ಮ ಮೂರು ತಾಲ್ಲೂಕುಗಳ ವಿಶೇಷ ಅಪಾಯಗಳು

ನಿಯಮವು ದೇಶಕ್ಕೆಲ್ಲ ಒಂದೇ ಆದರೂ ಅಪಾಯ ಊರಿನಿಂದ ಊರಿಗೆ ಬೇರೆ.

ಹಾವೇರಿ: ದೀಪಾವಳಿಯ ಹೊತ್ತಿಗೆ ಗೋವಿನಜೋಳದ ಒಕ್ಕಣೆ ನಡೆದಿರುತ್ತದೆ. ಒಣ ದಂಟು, ಮೇವಿನ ಬಣವೆ ಮತ್ತು ದನದ ಕೊಟ್ಟಿಗೆ ಹಲವೆಡೆ ಮನೆಗೆ ಹೊಂದಿಕೊಂಡೇ ಇರುತ್ತವೆ. ಒಂದು ರಾಕೆಟ್ ಬಿದ್ದರೆ ರೈತನ ವರ್ಷದ ಮೇವು ಹೋಗುತ್ತದೆ. ಜೊತೆಗೆ ಇದೇ ಹಂಗಾಮಿನಲ್ಲಿ ಹೋರಿ ಬೆದರಿಸುವ ಸ್ಪರ್ಧೆಗಳು ನಡೆಯುತ್ತವೆ. ಅಖಾಡದ ಬಳಿ ಪಟಾಕಿ ಸಿಡಿದರೆ ಹೋರಿ ದಾರಿ ತಪ್ಪಿ ಜನರ ಮೇಲೆ ನುಗ್ಗಬಹುದು.

ಬ್ಯಾಡಗಿ: ಮೆಣಸಿನಕಾಯಿ ಆವಕ ಹೆಚ್ಚುವುದು ಹೊಸ ವರ್ಷದ ಬಳಿಕ. ಕಣದಲ್ಲಿ ಒಣಹಾಕಿದ ರಾಶಿ ಹೊತ್ತಿಕೊಂಡರೆ ಬೆಳೆ ಹಾನಿಯ ಜೊತೆಗೆ ಅದರ ಘಾಟು ಹೊಗೆಯಿಂದ ಉಸಿರಾಟದ ತೊಂದರೆಯೂ ಆಗುತ್ತದೆ. ಇಲ್ಲಿನ ಪಂಚಾಯತಿಗಳು ದೀಪಾವಳಿಯಷ್ಟೇ ಹೊಸ ವರ್ಷ ಮತ್ತು ಜಾತ್ರೆಗಳನ್ನೂ ಗಮನದಲ್ಲಿಡಬೇಕು.

ರಾಣೆಬೆನ್ನೂರು: ಕೃಷ್ಣಮೃಗ ಅಭಯಾರಣ್ಯದ ಅಂಚಿನ ಗ್ರಾಮಗಳಲ್ಲಿ ಒಣಹುಲ್ಲಿಗೆ ಬಿದ್ದ ಕಿಡಿ ಅರಣ್ಯದೊಳಗೆ ಹರಡಬಹುದು. ಸದ್ದಿಗೆ ಬೆದರಿದ ವನ್ಯಪ್ರಾಣಿಗಳು ರಸ್ತೆಗೆ ಬರುವ ಸಂಭವವೂ ಉಂಟು.

5. ಮಾದರಿ ಠರಾವು

ಕೇವಲ ಠರಾವಿನಿಂದ ದಂಡ ವಿಧಿಸಲು ಬರುವುದಿಲ್ಲ. ಅದಕ್ಕೆ ಕ್ರಮಬದ್ಧವಾಗಿ ಮಂಜೂರಾದ ಉಪವಿಧಿ ಬೇಕು. ಆದರೆ ವ್ಯವಸ್ಥೆ ಮಾಡಲು ಠರಾವು ಸಾಕು. ಸಾಮೂಹಿಕವಾಗಿ ಪಟಾಕಿ ಹಚ್ಚಲು ಸ್ಥಳ ಗುರುತಿಸುವ ಕ್ರಮವನ್ನು 2018ರ ಆದೇಶವೂ ಪ್ರಸ್ತಾಪಿಸಿದೆ. ಹಬ್ಬಕ್ಕೆ ಕನಿಷ್ಠ ಹದಿನೈದು ದಿನ ಮೊದಲು ಈ ಕೆಳಗಿನಂತೆ ಠರಾವು ಅಂಗೀಕರಿಸಬಹುದು:

“ಗ್ರಾಮದ ಪ್ರತಿ ಜನವಸತಿಗೆ ಒಂದರಂತೆ, ಬಣವೆ, ಕಣ ಮತ್ತು ವಿದ್ಯುತ್ ಪರಿವರ್ತಕಗಳಿಂದ ದೂರವಿರುವ ಬಯಲನ್ನು ಪಟಾಕಿ ಹಚ್ಚುವ ಸ್ಥಳವೆಂದು ಗುರುತಿಸುವುದು. ಹಬ್ಬದ ದಿನಗಳಲ್ಲಿ ಅಲ್ಲಿ ನೀರು ತುಂಬಿದ ಟ್ಯಾಂಕರ್ ಮತ್ತು ಮರಳಿನ ಬಕೆಟ್‌ಗಳನ್ನು ಇಡುವುದು. ನೀರಗಂಟಿಯು ರಾತ್ರಿ 10.30ರವರೆಗೆ ಹಾಜರಿರುವುದು. ಸಮಯ ಮತ್ತು ಸ್ಥಳವನ್ನು ಡಂಗುರದ ಮೂಲಕ ಹಾಗೂ ಕಸದ ವಾಹನದ ಧ್ವನಿವರ್ಧಕದ ಮೂಲಕ ಪ್ರಚುರಪಡಿಸುವುದು. ಮರುದಿನ ಪಟಾಕಿ ಕಸವನ್ನು ಪ್ರತ್ಯೇಕವಾಗಿ ನೀರಿನಲ್ಲಿ ನೆನೆಸಿ ವಿಲೇವಾರಿ ಮಾಡುವುದು, ಅದನ್ನು ಸುಡತಕ್ಕದ್ದಲ್ಲ.”

ಮರುದಿನದ ಕಸ ಎತ್ತುವವರು ನಮ್ಮ ಸ್ವಚ್ಛತಾ ಸಿಬ್ಬಂದಿ. ಸಿಡಿಯದೆ ಉಳಿದ ಪಟಾಕಿ ಅವರ ಕೈಯಲ್ಲಿ ಸಿಡಿಯದಂತೆ ನೋಡಿಕೊಳ್ಳುವುದು ಪಂಚಾಯತಿಯ ಹೊಣೆ. ಕೈಗವಸು ಮತ್ತು ಬೂಟು ಕಡ್ಡಾಯವಾಗಿ ಒದಗಿಸಬೇಕು.

6. ಅವಘಡ ಸಂಭವಿಸಿದರೆ

ಬೆಂಕಿಗೆ 101 ಅಥವಾ 112, ಆಂಬುಲೆನ್ಸ್‌ಗೆ 108 ಸಂಖ್ಯೆಗೆ ಕರೆ ಮಾಡಬೇಕು. ಸುಟ್ಟ ಭಾಗದ ಮೇಲೆ ಸುಮಾರು 20 ನಿಮಿಷ ತಣ್ಣೀರು ಹರಿಸಬೇಕು. ಟೂತ್‌ಪೇಸ್ಟ್, ಎಣ್ಣೆ, ಶಾಯಿ ಹಚ್ಚಬಾರದು. ಕಣ್ಣಿಗೆ ಪೆಟ್ಟಾದರೆ ಉಜ್ಜದೆ, ಒತ್ತದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಉರಿದ ಸುರುಸುರುಬತ್ತಿಯ ತಂತಿ ಬಹಳ ಹೊತ್ತು ಕಾದಿರುತ್ತದೆ. ಅದನ್ನು ನೆಲಕ್ಕೆ ಎಸೆಯದೆ ನೀರಿನ ಬಕೆಟ್‌ಗೆ ಹಾಕುವುದನ್ನು ಮಕ್ಕಳಿಗೆ ಶಾಲೆಯಲ್ಲೇ ಕಲಿಸಬೇಕು.

7. ಸಭೆಯಲ್ಲಿ ಚರ್ಚಿಸಬೇಕಾದ ಪ್ರಶ್ನೆಗಳು

(1) ನಿಮ್ಮ ವಾರ್ಡಿನಲ್ಲಿ ಮನೆಗೆ ತಾಗಿದ ಬಣವೆಗಳು ಎಷ್ಟು? ಹಬ್ಬಕ್ಕೆ ಮೊದಲು ಅವುಗಳಲ್ಲಿ ಯಾವುದನ್ನು ಸ್ಥಳಾಂತರಿಸಬಹುದು?

(2) ಅಗ್ನಿಶಾಮಕ ವಾಹನವು ಪ್ರತಿ ಓಣಿಗೆ ಬರಲು ದಾರಿ ಇದೆಯೇ? ಇಲ್ಲದ ಓಣಿಗೆ ನೀರು ತಲುಪಿಸುವ ಬಗೆ ಹೇಗೆ?

(3) ಪಟಾಕಿ ಹಚ್ಚಲು ನೀವು ಸೂಚಿಸುವ ಬಯಲು ಯಾವುದು? ಅಲ್ಲಿಂದ ಅತಿ ಸಮೀಪದ ಕಣ, ಶಾಲೆ ಮತ್ತು ಆಸ್ಪತ್ರೆಗೆ ಎಷ್ಟು ಮೀಟರ್ ಅಂತರವಿದೆ?

ಈ ಮೂರು ಪ್ರಶ್ನೆಗಳಿಗೆ ವಾರ್ಡ್‌ವಾರು ಉತ್ತರ ಬರೆದು ಸಭಾ ನಡವಳಿಗೆ ಲಗತ್ತಿಸಿದರೆ ಹಬ್ಬದ ಸಿದ್ಧತೆಯ ಮುಖ್ಯ ಭಾಗ ಮುಗಿದಂತೆ. ಹಬ್ಬದ ಸಂತೋಷಕ್ಕೆ ಅಡ್ಡಿಪಡಿಸುವುದು ಈ ನಿಯಮಗಳ ಆಶಯವಲ್ಲ. ಹಬ್ಬದ ಮರುದಿನ ಯಾವ ಮನೆಯವರೂ ಸುಟ್ಟ ಬಣವೆಯ ಮುಂದೆ ಅಥವಾ ಆಸ್ಪತ್ರೆಯ ಬಾಗಿಲಲ್ಲಿ ನಿಲ್ಲದಿರಲಿ ಎಂಬುದೇ ಅವುಗಳ ಆಶಯ.